ಬಳೆ ವೆಂಕಟಪ್ಪನವರ ಸೈಕಲ್ಲಿಗೆ ನಾನು ಹಾಕಿದ ಕನ್ನಡಿ

ಮೊನ್ನೆ ಇಬ್ಬರು ತರುಣರು ನನ್ನ ಮನೆ ಹುಡುಕಿಕೊಂಡು ಬಂದಿದ್ದರು. ಚಿಂತಾಮಣಿಯಲ್ಲಿ ಹೊಸದಾಗಿ ಸೈಕಲ್ ಅಂಗಡಿ ಇಟ್ಟಿದ್ದಾರಂತೆ. ಕಾಫಿ ಕುಡಿದು, ಅದೂ ಇದೂ ಮಾತಾಡಿ, ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ. ಗಿರಾಕಿ ಬಂದು ಸೈಕಲ್ಲಿಗೆ ಬೇಡದ ಅಲಂಕಾರವನ್ನೆಲ್ಲ ಹಾಕು ಅಂತ ಕೂತರೆ ಹಾಕಬೇಕೋ, ಬುದ್ಧಿ ಹೇಳಿ ಕಳಿಸಬೇಕೋ? ಬೇಕಾದ್ದು ಯಾವುದು, ಬೇಡದ್ದು ಯಾವುದು ಅಂತ ತಿಳಿಯೋಕೆ ನನಗೆ ಆರೇಳು ವರ್ಷ ಹಿಡಿಯಿತು ಕಣ್ರಪ್ಪ ಅಂದೆ. ನಕ್ಕರು. ಬಾಯಲ್ಲಿ ಹೇಳಿದರೆ ಅರ್ಧಕ್ಕೇ ಎದ್ದು ಹೋಗುವ ವಯಸ್ಸು ಅವರದು. ಅದಕ್ಕೇ ಬರೆದಿಡುತ್ತಿದ್ದೇನೆ.

ನಾನು ಚಿಕ್ಕಬಳ್ಳಾಪುರದಲ್ಲಿ ಕಬ್ಬಿಣದ ಸಾಮಾನಿನ ಅಂಗಡಿಯೊಂದರಲ್ಲಿ ತಕ್ಕಡಿ ಹಿಡಿಯುತ್ತಿದ್ದವನು. ಮದುವೆಯಾದ ಮೇಲೆ ಮಾವನವರ ಊರಾದ ಚಿಂತಾಮಣಿಗೆ ಬಂದು ಅಬ್ಬಾಸ್ ಸಾಹೇಬರ ಸೈಕಲ್ ಅಂಗಡಿ ಸೇರಿದೆ. ಐವತ್ತರ ದಶಕದ ನಡುವಿನ ಮಾತು. ಸಾಹೇಬರು ಅಲೀಪುರದವರು. ಬಿಳಿ ಟೋಪಿ, ಸಣ್ಣ ಗಡ್ಡ, ಬೆರಳ ತುಂಬ ಗ್ರೀಸು. ಊರಿಗೆಲ್ಲ ಅವರು ಸಾಹೇಬರು, ನನಗೆ ಉಸ್ತಾದ್.

ಚಕ್ರದ ಬೆಂಡು ತೆಗೆಯುವಾಗ ಬೇರೆ ಅಂಗಡಿಯವರು ರಿಮ್ಮಿನ ಪಕ್ಕಕ್ಕೆ ಸೀಮೆಸುಣ್ಣ ಹಿಡಿದು ತಿರುಗಿಸುತ್ತಿದ್ದರು. ಗುರುತು ಬಿದ್ದ ಕಡೆ ಬೆಂಡು ಇದೆ ಅಂತ ಲೆಕ್ಕ. ಉಸ್ತಾದರಿಗೆ ಸೀಮೆಸುಣ್ಣ ಕಂಡರೆ ಆಗದು. ಕಣ್ಣು ಮುಚ್ಚಿ, ಒಂದೊಂದು ಕಡ್ಡಿಯನ್ನೂ ಉಗುರಿನಿಂದ ಮೀಟಿ ಕಿವಿಗೊಡುತ್ತಿದ್ದರು. ಸಡಿಲ ಇದ್ದದ್ದು ಮಂಕಾಗಿ ನುಡಿಯುತ್ತದೆ, ಬಿಗಿ ಇದ್ದದ್ದು ಕೀರಲು ದನಿ ಕೊಡುತ್ತದೆ. ನನಗೆ ಎರಡು ತಿಂಗಳು ಕಡ್ಡಿ ತಿರುಗಿಸುವ ಕೀಲಿಯನ್ನೇ ಕೊಡಲಿಲ್ಲ.

"ಮೊದ್ಲು ಕೇಳೋದು ಕಲಿ ಮಿಯಾ. ಕೈ ಆಮೇಲೆ ತಾನೇ ಬರ್ತದೆ" ಅನ್ನುತ್ತಿದ್ದರು.

ನನಗೆ ಒಳಗೊಳಗೇ ಸಿಟ್ಟು. ಕೇಳಿ ಕೇಳಿ ನಾನೇನು ಸಂಗೀತ ಕಛೇರಿ ಮಾಡಬೇಕಾಗಿದೆಯಾ ಅಂತ.

ಅಂಗಡಿ ಮುಂದೆ ಎರಡು ಕಲ್ಲಿನ ಮೇಲೆ ಒಂದು ಹಲಗೆ ಇತ್ತು. ಸಂಜೆ ನಾಲ್ಕು ಗಂಟೆ ದಾಟಿದರೆ ಅಲ್ಲಿ ಇಬ್ಬರು ಹಾಜರು. ಒಬ್ಬರು ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು ಸೀತಾರಾಮಯ್ಯನವರು. ಇನ್ನೊಬ್ಬರು ಮುನಿರೆಡ್ಡಿ, ಹಿಪ್ಪುನೇರಳೆ ತೋಟದವರು, ರೇಷ್ಮೆಗೂಡನ್ನು ಸೈಕಲ್ಲಿಗೆ ಹೇರಿಕೊಂಡು ಶಿಡ್ಲಘಟ್ಟಕ್ಕೆ ಹೋಗಿಬರುವ ಆಸಾಮಿ. ಇಬ್ಬರಿಗೂ ಸೈಕಲ್ ಅಂದರೆ ಪ್ರಾಣ. ಒಬ್ಬರಿಗೆ ಹಿಡಿಸಿದ್ದು ಮತ್ತೊಬ್ಬರಿಗೆ ಹಿಡಿಸಿದ್ದನ್ನು ಮಾತ್ರ ನಾನು ನೋಡಿರಲಿಲ್ಲ.

ಆಗ ಸೈಕಲ್ ಅಂದರೆ ಈಗಿನ ಹಾಗಲ್ಲ. ಮನೆಗೊಂದು ಬಂದರೆ ಪೂಜೆ ಮಾಡಿ, ಕುಂಕುಮ ಇಟ್ಟು, ಆಮೇಲೆ ಅದರ ಮೈಮೇಲೆ ಏನೇನು ಹೇರಬಹುದು ಅಂತ ಯೋಚನೆ. ಸೀಟಿಗೆ ಕುಚ್ಚು ಕಟ್ಟಿದ ಮಖಮಲ್ಲಿನ ಹೊದಿಕೆ, ಚಕ್ರದ ಗುಂಬಕ್ಕೆ ಬಣ್ಣದ ನೂಲಿನ ಉಂಗುರ, ಹಿಡಿಗಳಿಂದ ಜೋತಾಡುವ ಪ್ಲಾಸ್ಟಿಕ್ ಜಡೆ, ಮಡ್‌ಗಾರ್ಡಿನ ಮೂತಿಗೆ ಹಿತ್ತಾಳೆಯ ನವಿಲು. ಕಾರ್ಬೈಡ್ ದೀಪ ಹೋಗಿ ಡೈನಮೋ ಬಂದಾಗ ಒಂದು ದೀಪ ಸಾಲದು ಅಂತ ಮೂರು ಹಾಕಿಸಿಕೊಂಡವರಿದ್ದರು. ಮೂರೂ ಸೇರಿ ಒಂದು ಬೀಡಿಯಷ್ಟು ಬೆಳಕು ಕೊಡುತ್ತಿರಲಿಲ್ಲ, ಆ ಮಾತು ಬೇರೆ.

ಇಂಥದ್ದೊಂದು ಸೈಕಲ್ ಅಂಗಡಿಗೆ ಬಂತು ಅಂದರೆ ಹಲಗೆಯ ಮೇಲೆ ವಾದ ಶುರು.

"ಇದ್ನ ತುಳಿಯೋನು ಮನುಷ್ಯನಾ ಎತ್ತಾ? ಮೂರು ಸೇರು ತೂಕ ಬರೀ ತೋರಣಾನೇ ಐತೆ" ಅಂತ ಮುನಿರೆಡ್ಡಿ.

"ನಿಮ್ಮ ಎತ್ತಿಗೆ ಕೊಂಬಿಗೆ ಬಣ್ಣ ಬಳೀತೀರಲ್ಲ ರೆಡ್ಡಿಯವರೇ, ಅದರಿಂದ ಉಳುಮೆ ಜಾಸ್ತಿ ಆಗುತ್ತಾ?" ಅಂತ ಮೇಷ್ಟ್ರು.

"ಅದು ಹಬ್ಬಕ್ಕೆ ಒಂದಿನ ಸಾಮಿ. ಇವನು ದಿನಾ ಹಬ್ಬ ಮಾಡ್ತಾನಲ್ಲ!"

ನಾನು ಪಂಕ್ಚರ್ ಹಾಕುತ್ತ ಎರಡೂ ಕಡೆಗೆ ಕಿವಿ ಕೊಡುತ್ತಿದ್ದೆ. ಯಾರು ಮಾತಾಡುತ್ತಿದ್ದಾರೋ ಆ ಕ್ಷಣಕ್ಕೆ ಅವರದ್ದೇ ಸರಿ ಅನ್ನಿಸುತ್ತಿತ್ತು. ಜನ ಯಾಕೆ ಹೀಗೆ ಸಿಂಗಾರಕ್ಕೆ ಸಾಯುತ್ತಾರೆ ಅನ್ನುವ ಕುತೂಹಲ ನನಗೆ ಅಂಟಿಕೊಂಡದ್ದು ಆ ಹಲಗೆಯಿಂದಲೇ.

ನನ್ನ ಮೊದಲ ದೊಡ್ಡ ಎಡವಟ್ಟನ್ನೂ ಹೇಳಿಬಿಡುತ್ತೇನೆ. ಗೌರಿಬಿದನೂರಿನಿಂದ ಒಬ್ಬ ಹೊಸ ಮದುವೆ ಗಂಡು ಬಂದ. ಮಾವ ಕೊಡಿಸಿದ ಸೈಕಲ್ಲು. ಡೈನಮೋದ ವೈರು ಹೊರಗೆ ಕಾಣುತ್ತದೆ, ಅಸಹ್ಯ, ಕಾಣದ ಹಾಗೆ ಮಾಡಿಕೊಡಿ ಅಂದ. ಉಸ್ತಾದರು ಮೊಹರಂಗೆ ಅಂತ ಅಲೀಪುರಕ್ಕೆ ಹೋಗಿದ್ದರು. ಅಂಗಡಿ ನನ್ನ ಕೈಯಲ್ಲಿ. ನಾನು ಹ್ಯಾಂಡಲಿನ ಕತ್ತಿನ ಹತ್ತಿರ ಎರಡು ತೂತು ಕೊರೆದು, ವೈರನ್ನು ಒಳಗಿಂದಲೇ ತೂರಿಸಿ ತೆಗೆದೆ. ಎಷ್ಟು ಚೆಂದ ಕಂಡಿತು ಅಂದರೆ ಮೇಷ್ಟ್ರು ಎದ್ದು ಬಂದು ನನ್ನ ಬೆನ್ನು ತಟ್ಟಿದರು. ಮುನಿರೆಡ್ಡಿಯೂ ಅವತ್ತು ಏನೂ ಅನ್ನಲಿಲ್ಲ. ಮೂರು ತಿಂಗಳಾದ ಮೇಲೆ, ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಕೆರೆ ಏರಿ ಇಳಿಯುವಾಗ ಆ ಹ್ಯಾಂಡಲು ಸರಿಯಾಗಿ ನನ್ನ ತೂತಿನ ಹತ್ತಿರ ಎರಡು ತುಂಡಾಯಿತು. ರಾಗಿ ಹೊಲದಲ್ಲಿ ಬಿದ್ದು ಮೊಣಕೈ ಮೊಣಕಾಲು ತರಚಿದ್ದು ಬಿಟ್ಟರೆ ದೇವರು ದೊಡ್ಡವನು.

ಆ ಮುರಿದ ಹ್ಯಾಂಡಲನ್ನು ಅವನು ತಂದು ನನ್ನ ಮುಂದೆ ಇಟ್ಟಾಗ ಉಸ್ತಾದರು ಬೈಯಲಿಲ್ಲ. ಮುರಿದ ಬಾಯನ್ನು ಬೆರಳಿನಿಂದ ಸವರಿ, "ಇಲ್ಲಿ ಭಾರ ಎಲ್ಲಾ ಬಂದು ಕೂರ್ತದೆ. ಇಲ್ಲೇ ತೂತು ಹೊಡೆದಿ" ಅಂದರು, ಅಷ್ಟೇ. ಹೊಸ ಹ್ಯಾಂಡಲು ಹಾಕಿಕೊಟ್ಟು ಆ ಗಂಡ ಹೆಂಡಿರ ಕ್ಷಮೆ ಕೇಳಿ ಬಾ ಅಂತ ನನ್ನನ್ನು ಗೌರಿಬಿದನೂರಿಗೆ ಕಳಿಸಿದರು. ಬೈದಿದ್ದರೆ ಇದಕ್ಕಿಂತ ಹಗುರವಾಗಿರುತ್ತಿತ್ತು.

ಇಷ್ಟೆಲ್ಲ ಆದ ಮೇಲೆ ಬುದ್ಧಿ ಬಂದಿರಬೇಕಲ್ಲ? ಕಬ್ಬಿಣದ ವಿಷಯದಲ್ಲಿ ಬಂತು. ಇನ್ನೊಂದು ವಿಷಯದಲ್ಲಿ ಬಂದಿರಲಿಲ್ಲ ಅನ್ನುವುದು ಬಳೆ ವೆಂಕಟಪ್ಪನವರ ಸೈಕಲ್ಲಿನಿಂದ ಗೊತ್ತಾಯಿತು. ಆಗ ಅರವತ್ತರ ದಶಕ ಶುರುವಾಗಿತ್ತು.

ವೆಂಕಟಪ್ಪನವರು ಬಳೆಗಾರರು, ವಯಸ್ಸು ಐವತ್ತರ ಆಸುಪಾಸು. ಚಿಂತಾಮಣಿಯಿಂದ ಮುರುಗಮಲ್ಲದ ಕಡೆಗಿರುವ ಹಳ್ಳಿಗಳಿಗೆಲ್ಲ ಅವರೇ ಬಳೆ ತೊಡಿಸುತ್ತಿದ್ದರು. ನಮ್ಮ ಮನೆಗೂ ಅವರೇ. ಬಳೆಗಳನ್ನು ಸಾಲಾಗಿ ಪೋಣಿಸಿದ ಮಲಾರವನ್ನು ಹೆಗಲಿಗೆ ಹಾಕಿಕೊಂಡು ಮೂವತ್ತು ವರ್ಷ ನಡೆದಿದ್ದರು. ಆ ಭಾರಕ್ಕೆ ಬಲ ಹೆಗಲಲ್ಲಿ ಒಂದು ಹಳ್ಳವೇ ಬಿದ್ದಿತ್ತು. ಕೊನೆಗೆ ಕೈ ಮೇಲಕ್ಕೆ ಏಳದ ಹಾಗಾಗಿ, ಇನ್ನು ಹೆಗಲ ಮೇಲೆ ಹೊರೆ ಇಡಬೇಡಿ ಅಂತ ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದ್ದರು. ಬಳೆ ಬಿಟ್ಟರೆ ಬೇರೆ ಕಸುಬು ಬಾರದು. ಒಂದು ಹಳೇ ಸೈಕಲ್ ಕೊಂಡು ತಳ್ಳಿಕೊಂಡು ಬಂದರು.

"ಏಮಪ್ಪಾ, ಇದು ನನ್ನ ಹೆಗಲು ಅನ್ಕೊ. ಬಳೆ ಒಂದೂ ಹಾಳಾಗಬಾರದು. ಆಮೇಲೆ, ನೋಡಿದ್ರೆ ಹೆಣ್ಣುಮಕ್ಕಳ ಕಣ್ಣು ತಂಪಾಗ್ಬೇಕು. ಸೂತಕದ ಮನೆ ಗಾಡಿ ಇದ್ದಂಗೆ ಇರಬಾರದು" ಅಂದರು.

ಹಲಗೆಯ ಮೇಲಿನವರಿಗೆ ಹಬ್ಬವಾಯಿತು. ಹತ್ತು ದಿನ ವಾದ. ಮುನಿರೆಡ್ಡಿ ಗಾಜಿನ ಚಿಂತೆಯವರು. ಗಾಳಿ ಬಿಗಿಯಾಗಿ ತುಂಬಬೇಡ, ಹಿಂದಿನ ಕ್ಯಾರಿಯರಿಗೆ ಹಳೇ ಟಯರು ಹಾಸು, ಮಲಾರ ಅಲ್ಲಾಡದ ಹಾಗೆ ಎರಡು ಕಡೆ ಕಂಬಿ ನಿಲ್ಲಿಸು ಅಂತ. ಮೇಷ್ಟ್ರು ಕಾಗದದ ಮೇಲೆ ಚಿತ್ರವನ್ನೇ ಬರೆದು ತಂದರು. ಚೌಕಟ್ಟಿಗೆ ಗಿಳಿಹಸಿರು, ಮಡ್‌ಗಾರ್ಡಿಗೆ ಅರಿಶಿನ ಬಣ್ಣ, ಮುಂದೆ ನವಿಲು, ಸೀಟಿಗೆ ಕೆಂಪು ಮಖಮಲ್ಲು. ಹಸಿರು ಹೆಚ್ಚಾಯಿತು ಅಂತ ಒಬ್ಬರು, ಕಂಬಿ ಗಲ್ಲುಮರದ ಹಾಗಿದೆ ಅಂತ ಇನ್ನೊಬ್ಬರು. ಕುಚ್ಚು ಚಕ್ರಕ್ಕೆ ಸಿಕ್ಕಿಹಾಕಿಕೊಳ್ಳುತ್ತದೆ ಅಂತ ಮುನಿರೆಡ್ಡಿ ಎರಡು ದಿನ ಜಗಳವಾಡಿ ಅದನ್ನು ಗೇಣುದ್ದ ಕತ್ತರಿಸಿ ಹಾಕಿಸಿದರು.

ಇಡೀ ಸೈಕಲ್ಲಿನಲ್ಲಿ ಇಬ್ಬರೂ ಒಪ್ಪಿದ ಸಾಮಾನು ಒಂದೇ. ಹ್ಯಾಂಡಲಿನ ಎರಡು ಕಡೆ ಎರಡು ದುಂಡು ಕನ್ನಡಿ. ಮೇಷ್ಟ್ರಿಗೆ ಅದು ಲಕ್ಷಣ, ಮುಖಕ್ಕೆ ಎರಡು ಕಣ್ಣಿದ್ದ ಹಾಗೆ. ಮುನಿರೆಡ್ಡಿಗೆ ಅದು ಅನುಕೂಲ, ಹೊರೆ ಹೊತ್ತವನು ಕತ್ತು ತಿರುಗಿಸದೆಯೇ ಹಿಂದೆ ಬಸ್ಸು ಬಂದದ್ದು ಕಾಣುತ್ತದೆ. ಇಷ್ಟು ವರ್ಷದಲ್ಲಿ ಇಬ್ಬರೂ ಒಂದೇ ಮಾತು ಅಂದದ್ದು ಅದೇ ಮೊದಲು. ನಾನು ಖುಷಿಯಿಂದ ಬೆಂಗಳೂರಿನಿಂದ ಕನ್ನಡಿ ತರಿಸಿ ಹಾಕಿದೆ. ಉಸ್ತಾದರು ಮಾತ್ರ ಒಂದು ಸಲ ಕನ್ನಡಿಯನ್ನು ನೋಡಿ, "ಬಳೆಯವರನ್ನ ಕೇಳಿದ್ಯಾ?" ಅಂದರು. ನಾನು ಕೇಳಿರಲಿಲ್ಲ. ವೆಂಕಟಪ್ಪನವರು ಸೈಕಲ್ ನೋಡಿ, ಮಗುವಿನ ತೊಟ್ಟಿಲು ಮುಟ್ಟುವ ಹಾಗೆ ಮುಟ್ಟಿ ಮುಟ್ಟಿ ನೋಡಿದರು. ಅವರ ಕಣ್ಣಲ್ಲಿ ನೀರು ಬಂತು. ನನಗೆ ಅಷ್ಟೇ ಸಾಕಾಗಿತ್ತು.

ಒಂದು ತಿಂಗಳು ಅವರು ಅಂಗಡಿ ಕಡೆ ಬರಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಅಂಗಡಿಗೆ ಬಂದರು. ಎಡಗೈಯಲ್ಲಿ ಸೈಕಲ್ ತಳ್ಳಿಕೊಂಡು, ಮಲಾರವನ್ನು ಅದೇ ಕೆಟ್ಟ ಹೆಗಲಿಗೆ ಹಾಕಿಕೊಂಡು. ಬಳೆ ಒಂದೂ ಹೋಗಿರಲಿಲ್ಲ. ಒಡೆದೂ ಹೋಗಿರಲಿಲ್ಲ, ತೊಡಿಸಿಯೂ ಹೋಗಿರಲಿಲ್ಲ.

"ಇದ್ನ ಯಾರಿಗಾದ್ರೂ ಮಾರ್ಸಿಬಿಡಪ್ಪ" ಅಂದರು.

"ಯಾಕಣ್ಣ, ಏನಾಯ್ತು? ತುಳಿಯೋಕೆ ಭಾರವಾ?"

"ನಿನ್ನ ಕೆಲಸದಲ್ಲಿ ತಪ್ಪಿಲ್ಲ. ನಂಗೇ ಆಗಿ ಬರಲಿಲ್ಲ ಅನ್ಕೊ." ಸೈಕಲ್ ಅಲ್ಲೇ ನಿಲ್ಲಿಸಿ ಹೊರಟುಹೋದರು. ನಡೆಯುವಾಗ ಒಂದು ಕಡೆಗೆ ವಾಲುತ್ತಿದ್ದರು.

ಹಲಗೆಯ ಮೇಲೆ ಮತ್ತೆ ಪಂಚಾಯಿತಿ. ಹಸಿರು ಜಾಸ್ತಿಯಾಯಿತು, ನಾನು ಹೇಳಲಿಲ್ಲವಾ ಅಂತ ಮುನಿರೆಡ್ಡಿ. ನಿಮ್ಮ ಗಲ್ಲುಮರ ನೋಡಿ ಜನ ಹೆದರಿದರು ಅಂತ ಮೇಷ್ಟ್ರು. ನನಗೆ ಎರಡೂ ಸಮಾಧಾನವಾಗಲಿಲ್ಲ. ಕಾರಣ ತಿಳಿಯದೆ ಇದ್ದರೆ ಊಟ ಸೇರದ ಜನ್ಮ ನನ್ನದು. ಮಾರನೆಯ ದಿನ ಉಸ್ತಾದರಿಗೆ ಹೇಳಿ, ಅದೇ ಸೈಕಲ್ ಹತ್ತಿ ಮುರುಗಮಲ್ಲದ ದಾರಿ ಹಿಡಿದೆ. ಅವರು ಹೆಚ್ಚಾಗಿ ಹೋಗುತ್ತಿದ್ದ ಹಳ್ಳಿಯೊಂದನ್ನು ಹೊಕ್ಕೆ.

ಬೀದಿಯಲ್ಲಿ ಕೋಳಿಯೊಂದು ಚಕ್ರಕ್ಕೆ ಅಡ್ಡ ಬಂತು. ತಪ್ಪಿಸಿ ಮುಂದೆ ಹೋಗಿ, ಪೆಟ್ಟಾಯಿತೋ ಏನೋ ಅಂತ ಕನ್ನಡಿಯಲ್ಲಿ ನೋಡಿದೆ. ಕೋಳಿ ಕಾಣಲಿಲ್ಲ. ನಾನಾಗಲೇ ದಾಟಿ ಬಂದಿದ್ದ ಜಗಲಿ ಕಂಡಿತು. ಅಲ್ಲಿ ಒಬ್ಬ ಬಾಣಂತಿ ಮಗುವಿಗೆ ಹಾಲು ಕೊಡುತ್ತ ಕೂತಿದ್ದಳು. ಅವಳೂ ಕನ್ನಡಿಯಲ್ಲಿ ನನ್ನ ಕಣ್ಣು ನೋಡಿದಳು. ತಟ್ಟನೆ ಸೆರಗು ಎಳೆದುಕೊಂಡು ಎದ್ದು ಒಳಗೆ ಹೋದಳು. ಬಾಗಿಲು ಮುಚ್ಚಿದ ಸದ್ದು ಕೇಳಿಸಿತು. ಪಕ್ಕದ ಮನೆಯ ಬಾಗಿಲೂ ಮುಚ್ಚಿತು.

ನಾನು ಸೈಕಲ್ಲಿನಿಂದ ಇಳಿದೆ.

ಎದುರು ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತ ಕೂತಿದ್ದ ಮುದುಕಿ ಕರೆದರು. ಅಕ್ಕಯ್ಯಮ್ಮ ಅಂತ, ಆ ಬೀದಿಗೆಲ್ಲ ಹಿರಿಯರು. "ಬಳೆ ವೆಂಕಟಪ್ಪನ ಸೈಕಲ್ಲಲ್ವೇನಪ್ಪ ಅದು? ನೀನ್ಯಾರು?"

"ಸೈಕಲ್ ಅಂಗಡಿಯವನಮ್ಮ. ಇದ್ನ ಸಿಂಗಾರ ಮಾಡಿದೋನು ನಾನೇ."

"ಕನ್ನಡೀನೂ ನೀನೇ ಹಾಕಿದ್ದಾ?"

"ಹೂನಮ್ಮ."

ಮುದುಕಿ ಅವರೆಕಾಯಿ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದರು. "ಕೇಳಪ್ಪ. ಈ ಊರಲ್ಲಿ ಹೊರಗಿನ ಗಂಡಸು ನಮ್ಮ ಮನೆ ಹೆಣ್ಣುಮಕ್ಕಳ ಕೈ ಹಿಡಿಯೋದು ಅಂದ್ರೆ ಬಳೆಗಾರ ಒಬ್ಬನೇ. ಯಾಕೆ ಬಿಡ್ತೀವಿ? ತವರಿನ ಅಣ್ಣ ಇದ್ದಂಗೆ ಅಂತ. ಮೂವತ್ತು ವರ್ಷದಿಂದ ಬರ್ತಾನೆ, ಕೈ ನೋಡ್ತಾನೆ, ಮುಖ ನೋಡಲ್ಲ. ಬೀದೀಲಿ ತಲೆ ಎತ್ತಿ ನಡೆದೋನಲ್ಲ. ಈಗ ನೋಡಿದ್ರೆ ಬೆನ್ನು ತಿರುಗಿಸ್ಕೊಂಡು ಹೋಗೋವಾಗ್ಲೂ ಎರಡು ಕಣ್ಣು ಹಿಂದಕ್ಕೆ ಇಟ್ಕೊಂಡವ್ನೆ. ಬಳೆಗಾರನಿಗೆ ಕನ್ನಡಿ ಯಾಕೆ, ಯಾರನ್ನ ನೋಡೋಕೆ ಅಂತ ಗಂಡಸರು ಮಾತೆತ್ತಿದ್ರು. ಒಂದು ಮನೇಲಿ ಶುರುವಾಯ್ತು, ನಾಲ್ಕು ಊರಿಗೆ ಹೋಯ್ತು."

"ಅಮ್ಮ, ಅವರು ಕೇಳ್ಲೇ ಇಲ್ಲ. ಬಸ್ಸು ಕಾಣ್ಲಿ ಅಂತ ನಾನೇ ಹಾಕಿದ್ದು."

"ನಂಗೆ ಗೊತ್ತು ಕಣಪ್ಪ, ವೆಂಕಟಪ್ಪ ಅಂಥೋನಲ್ಲ. ನಾನೊಬ್ಬಳು ಹೇಳಿದ್ರೆ ಯಾರು ಕೇಳ್ತಾರೆ?" ಆಮೇಲೆ ನನ್ನನ್ನೇ ಕೇಳಿದರು. "ನಿಂಗೆ ಮದುವೆ ಆಗೈತಾ? ನಿನ್ನ ಹೆಂಡ್ತಿಗೆ ಬಳೆ ತೊಡಿಸೋರು ಯಾರು?"

"ಅವರೇ ಕಣಮ್ಮ."

"ಈ ಸೈಕಲ್ ಬಂದ್ಮೇಲೆ ತೊಡಿಸಿದ್ನಾ?"

ಇಲ್ಲಮ್ಮ ಅಂದೆ. ಅಂದ ಮೇಲೇ ಅವತ್ತಿನದು ನೆನಪಾಯಿತು. ಸೈಕಲ್ ಒಯ್ದ ವಾರದಲ್ಲೇ ಅವರು ನಮ್ಮ ಮನೆ ಮುಂದೆ ಸೈಕಲ್ ನಿಲ್ಲಿಸಿದ್ದರು. ನಾನು ಹೊಸ್ತಿಲಲ್ಲಿದ್ದೆ. ನನ್ನ ಹೆಂಡತಿ ಲಕ್ಷ್ಮಮ್ಮ ಒಳಗಿಂದ ಕೈ ಒರೆಸಿಕೊಂಡು ಬರುತ್ತಿದ್ದಳು. ಅವಳು ಬರುತ್ತಿದ್ದದ್ದು ನನಗೆ ಕಂಡದ್ದೇ ಆ ಕನ್ನಡಿಯಲ್ಲಿ. "ಇವತ್ತು ಬೇಡಣ್ಣ, ಆಮೇಲೆ ನೋಡಣ" ಅಂದುಬಿಟ್ಟಿದ್ದೆ. ಯಾಕೆ ಅಂದೆ ಅಂತ ಅವತ್ತು ಯೋಚನೆಯನ್ನೇ ಮಾಡಿರಲಿಲ್ಲ. ಕನ್ನಡಿ ಹಾಕಿದವನು ನಾನು, ಯಾಕೆ ಹಾಕಿದ್ದು ಅಂತ ಗೊತ್ತಿದ್ದವನೂ ನಾನು, ಆದರೂ ಮೊದಲು ಬಾಗಿಲು ಮುಚ್ಚಿದವರಲ್ಲಿ ನಾನೂ ಒಬ್ಬ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಮುದುಕಿ ಅವರೆಕಾಯಿ ಬುಟ್ಟಿ ಎಳೆದುಕೊಂಡರು.

ಅಲ್ಲೇ ನಿಂತು ಸ್ಪ್ಯಾನರ್ ತೆಗೆದು ಎರಡೂ ಕನ್ನಡಿ ಬಿಚ್ಚಿದೆ. ಹಾಗೇ ವೆಂಕಟಪ್ಪನವರ ಮನೆಗೆ ಹೋದೆ. ಹೆಗಲಿಗೆ ಬಿಸಿ ಎಣ್ಣೆಯ ಬಟ್ಟೆ ಇಟ್ಟುಕೊಂಡು ಗೋಡೆಗೆ ಒರಗಿದ್ದರು. ಎಲ್ಲ ಹೇಳಿದೆ, ನನ್ನ ಮನೆ ಹೊಸ್ತಿಲ ಮಾತನ್ನೂ ಮುಚ್ಚಿಡಲಿಲ್ಲ. ಕನ್ನಡಿ ತೆಗೆದಿದ್ದೇನೆ, ನಾಳೆಯಿಂದ ಹೋಗಿ ಅಂದೆ.

"ಕನ್ನಡಿ ತೆಗೆದ್ರೆ ಮಾತು ಹೋಗ್ತದಾ?" ಅಂದರು. "ನಾನು ತೊಡಿಸಿದ ಕೂಸುಗಳಿಗೆ ಮಕ್ಕಳಾಗವ್ರೆ. ಅಂಥ ಮನೇಲೂ ಅಣ್ಣ ಅನ್ನಲಿಲ್ಲಪ್ಪ. ಏಯ್ ಸೈಕಲ್ಲಿನೋನೇ ಅಂದ್ರು."

ಸೈಕಲ್ ಅಲ್ಲೇ ಬಿಟ್ಟು ನಡೆದುಕೊಂಡು ಮನೆಗೆ ಬಂದೆ. ಲಕ್ಷ್ಮಮ್ಮ ರಾಗಿ ಬೀಸುತ್ತಿದ್ದಳು. ಅವಳಿಗೂ ಹೇಳಿದೆ. ಬೀಸುವ ಕಲ್ಲು ನಿಂತಿತು.

"ನೀವೂ ಹಂಗೇ ಅನ್ಕೊಂಡ್ರಾ?" ಅಂದಳು.

"ಅನ್ಕೊಂಡೆ ಅಂತ ನಂಗೇ ಗೊತ್ತಿರಲಿಲ್ಲ."

"ನನ್ನ ಮದುವೇಲಿ ಬಳೆ ತೊಡಿಸಿದ ಕೈ ಅದು. ನಮ್ಮಪ್ಪ ಸತ್ತಾಗ ಮನೆಗೆ ಬಂದು, ಅಳಬೇಡಮ್ಮ ಅಂತ ಹೊಸ್ತಿಲಾಚೆ ಕೂತು ಅತ್ತೋರು." ಅವಳು ನನ್ನ ಮೇಲೆ ಅಷ್ಟು ಸಿಟ್ಟು ಮಾಡಿಕೊಂಡದ್ದನ್ನು ನಾನು ನೋಡಿರಲಿಲ್ಲ. ಸಿಟ್ಟಿನಲ್ಲೇ ಎದ್ದು ಹಿಟ್ಟನ್ನು ಮೊರಕ್ಕೆ ಬಳಿದಳು. "ನಾಳೆ ನನ್ನ ಆ ಊರಿಗೆ ಕರ್ಕೊಂಡು ಹೋಗ್ರಿ. ಅವರಿಗೂ ಬರೋಕೆ ಹೇಳಿ. ಬರಲ್ಲ ಅಂದ್ರೆ ನಾನು ಕರೆದೆ ಅನ್ನಿ."

ಬೆಳಗ್ಗೆ ಅವಳನ್ನು ನನ್ನ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೊರಟೆ. ವೆಂಕಟಪ್ಪನವರು ತಮ್ಮ ಹಸಿರು ಸೈಕಲ್ಲಿನಲ್ಲಿ ಮಲಾರ ಕಟ್ಟಿಕೊಂಡು ನಮ್ಮ ಹಿಂದೆ ಬಂದರು. ಊರು ಹತ್ತಿರ ಬಂದಾಗ ಅವರು ಇಳಿದು ತಳ್ಳಿಕೊಂಡು ಬಂದರು, ತಲೆ ತಗ್ಗಿಸಿಕೊಂಡು.

ಬೀದಿಯ ನಡುವೆ ಅಕ್ಕಯ್ಯಮ್ಮನವರ ಜಗಲಿಯ ಮುಂದೆ ನಿಂತೆವು. ಬಾಗಿಲುಗಳು ಅರ್ಧರ್ಧ ತೆರೆದವು. ಸೇದುವ ಬಾವಿಯ ಹತ್ತಿರ ನಿಂತಿದ್ದ ಮೂರ್ನಾಲ್ಕು ಗಂಡಸರು ನಮ್ಮ ಕಡೆಯೇ ನೋಡುತ್ತಿದ್ದರು. ಕನ್ನಡಿ ಹಾಕಿದ್ದು ನಾನು, ತಪ್ಪು ನನ್ನದು ಅಂತ ಅವರ ಮುಂದೆ ಹೇಳಲು ದಾರಿಯಲ್ಲೆಲ್ಲ ಮಾತು ಜೋಡಿಸಿಕೊಂಡು ಬಂದಿದ್ದೆ. ಹೇಳಿದೆ. ಒಬ್ಬ ಬಾವಿಯಿಂದ ಕೊಡ ಸೇದತೊಡಗಿದ, ಉಳಿದವರು ನಿಂತಲ್ಲೇ ನಿಂತಿದ್ದರು.

ಲಕ್ಷ್ಮಮ್ಮ ಅವರ ಮಾತಿಗೆ ಕಾಯಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಜಗಲಿ ಮೇಲೆ ಕೂತಳು. ಕೈಯಲ್ಲಿದ್ದ ಹಳೇ ಬಳೆಗಳನ್ನು ಮೊಣಕೈ ಕಡೆಗೆ ಸರಿಸಿ, ಇಡೀ ಬೀದಿಗೆ ಕೇಳುವ ಹಾಗೆ, "ಅಣ್ಣಾ, ಎರಡು ಕೈಗೂ ತೊಡಿಸಿ. ಹಸಿರು ಇರಲಿ" ಅಂತ ಎರಡೂ ಕೈ ಮುಂದೆ ಚಾಚಿದಳು.

ವೆಂಕಟಪ್ಪನವರು ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಮಲಾರ ಬಿಚ್ಚಿದರು. ಮೊದಲ ಬಳೆ ಅವಳ ಬೆರಳಿನ ಗೆಣ್ಣಿನ ಹತ್ತಿರವೇ ನಿಂತುಬಿಟ್ಟಿತು. ಅವಳು ಕೈ ಹಿಂದಕ್ಕೆ ಎಳೆಯಲಿಲ್ಲ. ಅವರು ಕಣ್ಣು ಮುಚ್ಚಿಕೊಂಡರು, ಹೆಬ್ಬೆರಳನ್ನು ಒಳಕ್ಕೆ ಮಡಿಸಿ ಅಂಗೈಯನ್ನು ಮೆಲ್ಲಗೆ ಒತ್ತಿದರು. ಬಳೆ ಜಾರಿ ಮಣಿಕಟ್ಟಿಗೆ ಬಂತು. ಎರಡನೆಯದು, ಮೂರನೆಯದು. ಆರನೆಯ ಬಳೆ ಎಲ್ಲೂ ನಿಲ್ಲದೆ ಜಾರಿತು.

ಬಾಗಿಲ ಸಂದಿಯಿಂದ ನೋಡುತ್ತಿದ್ದ ಆ ಬಾಣಂತಿ ಮಗುವನ್ನು ಎದೆಗೆ ಅವಚಿಕೊಂಡು ಹೊಸ್ತಿಲು ದಾಟಿದಳು. ಬಾವಿಯ ಹತ್ತಿರ ನಿಂತಿದ್ದವರಲ್ಲಿ ಒಬ್ಬ, ಅವಳ ಗಂಡನೇ ಇರಬೇಕು, ಏನೋ ಅನ್ನಲು ಹತ್ತಿರ ಬಂದ. ಅಷ್ಟರಲ್ಲಿ ಅಕ್ಕಯ್ಯಮ್ಮ ಅವರೆಕಾಯಿ ಬುಟ್ಟಿಯನ್ನು ತೆಗೆದು ಅವನ ಕೈಗೇ ಕೊಟ್ಟರು.

"ಇದ್ನ ಒಳಗಿಟ್ಟು ಬಾರೋ" ಅಂದರು. ಆಮೇಲೆ ಲಕ್ಷ್ಮಮ್ಮನ ಪಕ್ಕ ಬಂದು, "ಜರುಗಮ್ಮ, ನಮಗೂ ಒಸಿ ಜಾಗ ಬಿಡು" ಅಂತ ಕೂತು, ಸುಕ್ಕುಗಟ್ಟಿದ ಎರಡೂ ಕೈಯನ್ನು ವೆಂಕಟಪ್ಪನವರ ಮುಂದೆ ಚಾಚಿದರು.